ಕಾಲಿನ ಮೇಲಿನ ಜೇಡರಬಲೆ ಗೆರೆಗಳು ಹೆಂಗಸರಿಗೇ ಯಾಕೆ ಜಾಸ್ತಿ?

ನೀಲಿಗೆರೆ:
ಎರಡನೇ ಹೆರಿಗೆಯಾಗಿ ಮೂರು ವರ್ಷ ಆಯ್ತು. ಬಲತೊಡೆಯ ಹೊರಮಗ್ಗುಲಲ್ಲಿ, ಮೊಣಕಾಲಿಗಿಂತ ಒಂದು ಗೇಣು ಮೇಲೆ, ಯಾರೋ ಸಣ್ಣ ನಿಬ್ಬಿನ ಪೆನ್ನಲ್ಲಿ ಗೀಚಿದ ಹಾಗೆ ಕೆಂಪು-ನೇರಳೆ ಗೆರೆಗಳು. ಮೊದಲು ಎಲ್ಲೋ ತಾಗಿಸಿಕೊಂಡಿದ್ದೀನಿ ಅಂದುಕೊಂಡೆ. ಹೋಗಲಿಲ್ಲ, ಹರಡಿತು. ಈಗ ಎಡಗಾಲಲ್ಲೂ ಶುರು. ನೋವಿಲ್ಲ, ಸಂಜೆ ಹೊತ್ತಿಗೆ ಸ್ವಲ್ಪ ಭಾರ ಅನ್ನಿಸುತ್ತೆ ಅಷ್ಟೆ.

ನನ್ನ ತಲೆ ತಿನ್ನುತ್ತಿರೋದು ಬೇರೆ ಪ್ರಶ್ನೆ. ನನಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣ ದಿನವಿಡೀ ನಿಂತೇ ಕೆಲಸ ಮಾಡೋನು, ಅವನಿಗೆ ಏನೂ ಇಲ್ಲ. ನಾನು ಕುರ್ಚಿಯಲ್ಲಿ ಕೂತು ಕೆಲಸ ಮಾಡೋಳು, ನನಗೆ ಈ ಬಲೆ. ಅಮ್ಮನಿಗಿತ್ತು, ಚಿಕ್ಕಮ್ಮನಿಗಿದೆ. ಕೇಳಿದವರೆಲ್ಲ ಒಂದೊಂದು ಕಾರಣ ಕೊಡ್ತಾರೆ: ಕಾಲ ಮೇಲೆ ಕಾಲು ಹಾಕಿ ಕೂರ್ತೀಯ, ಹೀಲ್ಸ್ ಹಾಕ್ತೀಯ, ಗರ್ಭನಿರೋಧಕ ಮಾತ್ರೆ ತಗೊಂಡಿದ್ದೆ. ಎಲ್ಲವೂ ನನ್ನ ತಪ್ಪೇ! ಹೆಂಗಸರಿಗೆ ಇದು ಜಾಸ್ತಿ ಅನ್ನೋದು ನಿಜವಾ? ನಿಜವಾದರೆ ಯಾಕೆ?

ನಿಂತೇಕೆಲಸ:
ಕಾಲ ಮೇಲೆ ಕಾಲು ಹಾಕಿ ಕೂತರೆ ಬರುತ್ತೆ ಅನ್ನೋದು ಹಳೇ ಮಾತು, ಅದಕ್ಕೆ ಗಟ್ಟಿ ಆಧಾರ ಯಾರೂ ತೋರಿಸಿಲ್ಲ. ಹಾಯಾಗಿ ಕೂತ್ಕೊಳ್ಳಿ. ನನಗೂ ಇದೆ, ಇಪ್ಪತ್ತಾರನೇ ವಯಸ್ಸಿಗೇ ಬಂತು, ಮಕ್ಕಳಿಲ್ಲ, ಮಾತ್ರೆ ತಗೊಂಡಿಲ್ಲ. ಉತ್ತರಕ್ಕೆ ನಾನೂ ಕಾಯ್ತಿದ್ದೀನಿ.

ಪದಪ್ರಿಯ:
ಶುರುವಿಗೇ ಒಂದು ಕೊಂಕು, ಬೈಯಬೇಡಿ. ನಾವು ಇದನ್ನೆಲ್ಲ 'ನರ' ಅಂತೀವಿ. ತಲೆನೋವಿಗೂ ನರ, ಸೊಂಟ ಹಿಡಿದರೂ ನರ, ಕೈಗೆ ಡ್ರಿಪ್ ಹಾಕುವಾಗ ಸಿಗದೆ ಕಾಡೋದೂ ನರ. ಇದು ಆ ನರ ಅಲ್ಲ, ರಕ್ತನಾಳ. ಶಾಲೆಯ ಪುಸ್ತಕದಲ್ಲಿ ಅಭಿಧಮನಿ ಅಂತ ಓದಿದ್ದೆವಲ್ಲ, ಹೃದಯದ ಕಡೆಗೆ ರಕ್ತ ವಾಪಸ್ ಒಯ್ಯೋದು, ಅದು. ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮ ಅತ್ತೆಗೆ ಯಾರೋ 'ನರದ ತೊಂದರೆ' ಅಂದರು ಅಂತ ಅವರು ಎರಡು ವರ್ಷ ನರದೌರ್ಬಲ್ಯದ ಮಾತ್ರೆ ನುಂಗಿದರು. ಕಾಲಲ್ಲಿ ಇದ್ದದ್ದು ಉಬ್ಬಿದ ರಕ್ತನಾಳ.

ಸ್ಕ್ಯಾನ್‌ರೂಮ್:
ಪದಪ್ರಿಯ ಅವರ ಕೊಂಕಿಗೆ ನನ್ನದೊಂದು ಲೈಕ್. ವಾರಕ್ಕೆರಡು ಸಲ ನಾನೂ ಈ ಪಾಠ ಮಾಡ್ತೀನಿ. ಕಾಲಿನ ರಕ್ತನಾಳಗಳ ಸ್ಕ್ಯಾನ್ ಮಾಡೋದು ನನ್ನ ಕೆಲಸ, ಹದಿನಾಲ್ಕು ವರ್ಷದಿಂದ. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ.

ಮೊದಲು ಅಳತೆ, ಯಾಕಂದ್ರೆ ಎಲ್ಲವನ್ನೂ ಒಂದೇ ಹೆಸರಲ್ಲಿ ಕರೆದೇ ಅರ್ಧ ಗೊಂದಲ. 1 ಮಿಲಿಮೀಟರಿಗಿಂತ ಸಣ್ಣದಾಗಿ, ಚರ್ಮದ ಒಳಪದರದಲ್ಲೇ ಕೆಂಪಗೆ ಅಥವಾ ನೇರಳೆಯಾಗಿ ಕಾಣೋದು ಸ್ಪೈಡರ್ ವೇನ್. 1ರಿಂದ 3 ಮಿಲಿಮೀಟರ್ ಇದ್ದು ಚರ್ಮದ ಕೆಳಗೆ ನೀಲಿ-ಹಸಿರಾಗಿ ಹರಿಯೋದು ರೆಟಿಕ್ಯುಲರ್ ವೇನ್. 3 ಮಿಲಿಮೀಟರ್ ದಾಟಿ, ನಿಂತಾಗ ಹುರಿಯ ಹಾಗೆ ಉಬ್ಬಿ ಕೈಗೆ ಸಿಗೋದು ವೆರಿಕೋಸ್ ವೇನ್. ರಿಪೋರ್ಟಲ್ಲಿ ಮೊದಲೆರಡಕ್ಕೆ ಸಿ1, ಮೂರನೆಯದಕ್ಕೆ ಸಿ2 ಅಂತ ಬರೀತಾರೆ. ನೀವು ವಿವರಿಸಿದ್ದು ಸಿ1ರ ಹಾಗಿದೆ. ತೊಡೆಯ ಹೊರಮಗ್ಗುಲಂತೂ ಇವುಗಳ ಖಾಯಂ ಜಾಗ, ಅದರಲ್ಲೂ ಹೆಂಗಸರಲ್ಲಿ.

ಇನ್ನು ಯಾಕೆ ಅನ್ನೋದು. ಪಾದದಿಂದ ಹೃದಯಕ್ಕೆ ರಕ್ತ ಮೇಲೇರಬೇಕು. ಹೃದಯದ ಬಡಿತದ ಒತ್ತು ಕಾಲಿನ ಅಭಿಧಮನಿಗೆ ಬರೋ ಹೊತ್ತಿಗೆ ಬಹುಪಾಲು ಸೋರಿಹೋಗಿರುತ್ತೆ. ಅಲ್ಲಿ ಕೆಲಸ ಮಾಡೋದು ಮೀನಖಂಡ. ನಡೆದಾಗ ಅದು ಒಳಗಿನ ನಾಳಗಳನ್ನು ಹಿಂಡುತ್ತೆ, ರಕ್ತ ಮೇಲೆ ಹೋಗುತ್ತೆ, ಕೆಳಗೆ ಬೀಳದ ಹಾಗೆ ಕವಾಟಗಳು ಮುಚ್ಚಿಕೊಳ್ತವೆ. ಅಲುಗಾಡದೆ ನಿಂತರೆ ಹರಡಿನ (ಪಾದದ ಗಂಟಿನ) ಹತ್ತಿರ ಅಭಿಧಮನಿಯ ಒತ್ತಡ ಸುಮಾರು 80-90 ಮಿಲಿಮೀಟರ್ ಪಾದರಸದಷ್ಟು. ನಡೆಯೋಕೆ ಶುರು ಮಾಡಿ, ಹತ್ತು ಹೆಜ್ಜೆಯೊಳಗೆ ಅದು 20-30ಕ್ಕೆ ಇಳಿಯುತ್ತೆ. ಇದು ಗಂಡು-ಹೆಣ್ಣು ಇಬ್ಬರಿಗೂ ಒಂದೇ.

ವ್ಯತ್ಯಾಸ ಶುರುವಾಗೋದು ನಾಳದ ಗೋಡೆಯಲ್ಲಿ. ಆ ಗೋಡೆಯಲ್ಲಿ ತೆಳುವಾದ ಸ್ನಾಯು ಇದೆ, ಅದು ಬಿಗಿ ಹಿಡಿದಿದ್ದರೆ ನಾಳ ಅಗಲವಾಗೋಲ್ಲ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಅನ್ನೋ ಹೆಣ್ಣು ಹಾರ್ಮೋನುಗಳೆರಡಕ್ಕೂ ಈ ಗೋಡೆಯಲ್ಲೇ ಗ್ರಾಹಕಗಳಿವೆ, ಅಂದರೆ ಅವು ಬಂದು ಕೂತು ಕೆಲಸ ಮಾಡೋ ಜಾಗಗಳು. ಪ್ರೊಜೆಸ್ಟರಾನ್‌ಗೆ ಸ್ನಾಯು ಸಡಿಲಿಸೋದೇ ಕಸುಬು. ಗರ್ಭಕೋಶ ಬೇಗ ಹಿಂಡದ ಹಾಗೆ ನೋಡಿಕೊಳ್ಳೋದೂ ಅದೇ, ಬಸಿರಲ್ಲಿ ಎದೆಯುರಿ ಮತ್ತು ಮಲಬದ್ಧತೆ ತರೋದೂ ಅದೇ. ಹೊಟ್ಟೆ, ಕರುಳನ್ನು ಸಡಿಲಿಸುವಾಗ ಕಾಲಿನ ನಾಳವನ್ನು ಬಿಟ್ಟುಬಿಡು ಅಂತ ಅದಕ್ಕೆ ಹೇಳೋರು ಯಾರು! ಗೋಡೆ ಸಡಿಲಾದರೆ ನಾಳ ಅಗಲ, ನಾಳ ಅಗಲವಾದರೆ ಕವಾಟದ ಎರಡು ಬಾಗಿಲು ಒಂದಕ್ಕೊಂದು ಸೇರೋಲ್ಲ, ಸಂದಿಯಲ್ಲಿ ರಕ್ತ ಕೆಳಗೆ ಜಾರುತ್ತೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಕಾಲು ಭಾರ ಅನ್ನೋರು ಎಷ್ಟೋ ಜನ, ಅವು ಪ್ರೊಜೆಸ್ಟರಾನ್ ಏರಿರುವ ದಿನಗಳು. ಈಸ್ಟ್ರೋಜನ್ ಇನ್ನೊಂದು ಕೆಲಸ ಮಾಡುತ್ತೆ: ಸಣ್ಣ ನಾಳಗಳನ್ನು ಹಿಗ್ಗಿಸುತ್ತೆ, ಹೊಸ ಸಣ್ಣ ನಾಳ ಚಿಗುರೋಕೂ ನೆರವಾಗುತ್ತೆ.

ಬಸಿರಂತೂ ಮೂರು ಕಡೆಯಿಂದ ಹೊಡೆತ. ಹಾರ್ಮೋನು ಒಂದು. ಮೈಯಲ್ಲಿರುವ ರಕ್ತದ ಪ್ರಮಾಣವೇ 40-50% ಹೆಚ್ಚಾಗೋದು ಎರಡು. ಬೆಳೆದ ಗರ್ಭಕೋಶ ಹೊಟ್ಟೆಯೊಳಗಿನ ದೊಡ್ಡ ಅಭಿಧಮನಿಗಳನ್ನು ಒತ್ತೋದು ಮೂರು. ಎಲ್ಲರೂ ಮೂರನೆಯದನ್ನೇ ಹೇಳ್ತಾರೆ. ಆದರೆ ಎಷ್ಟೋ ಜನರಿಗೆ ಮೊದಲ ಮೂರು ತಿಂಗಳಲ್ಲೇ ಗೆರೆ ಕಾಣಿಸುತ್ತೆ, ಆಗ ಗರ್ಭಕೋಶ ಇನ್ನೂ ಕಿತ್ತಳೆಯಷ್ಟಿರುತ್ತೆ. ಅದು ಏನನ್ನೂ ಒತ್ತೋ ಗಾತ್ರವಲ್ಲ.

ಎರಡನೇಓದು:
ಚೆನ್ನಾಗಿದೆ ಮೇಡಂ, ಆದರೆ ಪ್ರಶ್ನೆಯ ಮೊದಲರ್ಧವನ್ನು ಹಾರಿಸಿಬಿಟ್ಟಿರಿ. 'ಹೆಂಗಸರಿಗೆ ಜಾಸ್ತಿ' ಅನ್ನೋದು ನಿಜವಾ? ಚಿಕಿತ್ಸೆಗೆ ಬಂದವರನ್ನು ಎಣಿಸಿದರೆ ಹೆಂಗಸರೇ ಜಾಸ್ತಿ ಸಿಗ್ತಾರೆ. ಅದು ಯಾರು ಬಂದರು ಅನ್ನೋ ಲೆಕ್ಕ, ಯಾರಿಗೆ ಇದೆ ಅನ್ನೋ ಲೆಕ್ಕ ಅಲ್ಲ.

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಒಂದು ಅಧ್ಯಯನ ಆಗಿತ್ತು, 1999ರಲ್ಲಿ ಪ್ರಕಟವಾಯ್ತು. ಆಸ್ಪತ್ರೆಗೆ ಬಂದವರನ್ನಲ್ಲ, ಜನಸಾಮಾನ್ಯರಲ್ಲೇ 18ರಿಂದ 64 ವರ್ಷದ 1,566 ಮಂದಿಯನ್ನು ಆರಿಸಿ ಕಾಲು ನೋಡಿದರು. ದೊಡ್ಡ ಉಬ್ಬುನಾಳ ಗಂಡಸರಲ್ಲಿ 40%, ಹೆಂಗಸರಲ್ಲಿ 32%. ಹೌದು, ಗಂಡಸರಲ್ಲೇ ಹೆಚ್ಚು! ಸಣ್ಣ ಗೆರೆಗಳಂತೂ ಒಟ್ಟು ಜನರಲ್ಲಿ 80% ಮೀರಿ ಇದ್ದವು. ಗಂಡಸಿನ ಕಾಲಿಗೆ ಕೂದಲಿನ ಪರದೆ, ಪ್ಯಾಂಟಿನ ಪರದೆ, ಜೊತೆಗೆ ಅವನು ತನ್ನ ಮೊಣಕಾಲಿನ ಹಿಂಭಾಗವನ್ನು ಹುಟ್ಟಿದಾಗಿಂದ ನೋಡಿಕೊಂಡಿರೋದಿಲ್ಲ.

ನಿಂತೇಕೆಲಸ:
ಕೊನೆಯ ವಾಕ್ಯ ಓದಿ ನಮ್ಮನೆಯವರನ್ನು ಎಬ್ಬಿಸಿ ಮೊಣಕಾಲಿನ ಹಿಂಭಾಗ ನೋಡಿದೆ. ಇದೆ! ಎರಡೂ ಕಾಲಲ್ಲಿ. ಅವರಿಗೆ ಗೊತ್ತೇ ಇಲ್ಲ.

ಸ್ಕ್ಯಾನ್‌ರೂಮ್:
ಎರಡನೇಓದು, ನಿಮ್ಮ ಆಕ್ಷೇಪ ಒಪ್ಪಿದೆ. ನನ್ನ ಕೋಣೆಗೆ ಬರೋರನ್ನೇ ನೋಡಿ ನೋಡಿ ನನಗೂ ಆ ಕನ್ನಡಕ ಬಂದುಬಿಟ್ಟಿದೆ. ಆದರೆ ಎಡಿನ್‌ಬರೋ ಒಂದನ್ನೇ ಹಿಡಿದುಕೊಂಡು ವ್ಯತ್ಯಾಸವೇ ಇಲ್ಲ ಅನ್ನಬೇಡಿ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 2,211 ಜನರನ್ನು ಇದೇ ಥರ ಪರೀಕ್ಷಿಸಿದಾಗ ಸ್ಪೈಡರ್ ವೇನ್ ಮತ್ತು ವೆರಿಕೋಸ್ ವೇನ್ ಹೆಂಗಸರಲ್ಲೇ ಹೆಚ್ಚಿದ್ದವು. ಗಂಡಸರಲ್ಲಿ ಹೆಚ್ಚಿದ್ದದ್ದು ಒಳಗಿನ ಆಳದ ನಾಳಗಳ ದೋಷ ಮತ್ತು ಹರಡಿನ ಹತ್ತಿರ ಚರ್ಮ ಕಪ್ಪಾಗೋದು, ಗಡುಸಾಗೋದು. ಅಂದರೆ ಮೇಲೆ ಕಾಣೋದು ಹೆಂಗಸರಿಗೆ ಜಾಸ್ತಿ, ಒಳಗೆ ಕೆಟ್ಟು ಕೂತಿರೋದು ಗಂಡಸರಿಗೆ ಜಾಸ್ತಿ. ನನ್ನ ಅನುಭವಕ್ಕೆ ಇದೇ ಹತ್ತಿರ.

ಇನ್ನೊಂದು ಸೇರಿಸ್ತೀನಿ. ಗಂಡಸರ ಚರ್ಮ ಸಾಮಾನ್ಯವಾಗಿ ದಪ್ಪ. ಅದೇ ಅಗಲದ ನಾಳ ತೆಳು ಚರ್ಮದ ಕೆಳಗೆ ಎದ್ದು ಕಾಣುತ್ತೆ, ದಪ್ಪ ಚರ್ಮದ ಕೆಳಗೆ ಅಡಗುತ್ತೆ. ಮುಟ್ಟು ನಿಂತ ಮೇಲೆ ಚರ್ಮ ತೆಳುವಾದಾಗ 'ಇದ್ದಕ್ಕಿದ್ದಂತೆ ಬಂತು' ಅಂತ ಬರೋ ಗೆರೆಗಳಲ್ಲಿ ಎಷ್ಟೋ ಹಳೆಯವು, ಈಗ ಕಾಣ್ತಿವೆ ಅಷ್ಟೆ. ಬಣ್ಣವೂ ಹಾಗೇ. ಕಂದು, ಕಪ್ಪು ಚರ್ಮದಲ್ಲಿ ಕೆಂಪು ಗೆರೆ ಕಾಣದೇ ಹೋಗಬಹುದು, ಹಾಗಂತ ಇಲ್ಲ ಅಂತಲ್ಲ.

ಹಳೇಕಾಲು:
ಗಂಡಸರ ಪಕ್ಷದಿಂದ ಸಾಕ್ಷಿ ಹೇಳೋಕೆ ಬಂದಿದ್ದೀನಿ. ವಯಸ್ಸು 58.

ನನಗೆ ಮೊದಲು ಕಂಡದ್ದು ಎಡಗಾಲಿನ ಒಳಹರಡಿನ ಕೆಳಗೆ, ಬೀಸಣಿಗೆ ಬಿಚ್ಚಿಟ್ಟ ಹಾಗೆ ಸಣ್ಣ ನೀಲಿ ಗೆರೆಗಳು. ಹೆಂಡತಿ ತೋರಿಸು ಅಂದಳು. 'ಇದು ಹೆಂಗಸರ ಸೌಂದರ್ಯದ ಸಮಸ್ಯೆ, ನನಗ್ಯಾಕೆ' ಅಂದೆ. ಇದೇ ಮಾತು, ಇದೇ ಪದಗಳು. ಆಮೇಲೆ ಅಲ್ಲಿ ಚರ್ಮ ಕಂದಾಯ್ತು, ತುರಿಕೆ ಬಂತು, ಮುಲಾಮು ಹಚ್ಚಿಕೊಂಡೆ. ಆರು ವರ್ಷ ಕಳೀತು. ಒಂದು ದಿನ ಮಂಚದ ಕಾಲಿಗೆ ತಾಗಿ ಸಣ್ಣ ಗಾಯ. ಆ ಗಾಯ ಮಾಯೋಕೆ ಹನ್ನೊಂದು ತಿಂಗಳು ಹಿಡೀತು. ತೋರಿಸಿದ ಮೊದಲ ಕಡೆ ಸಕ್ಕರೆ ಕಾಯಿಲೆ ಇದೆಯಾ ಅಂತ ನೋಡಿ, ಇಲ್ಲ ಅಂದಮೇಲೆ ಬರೀ ಡ್ರೆಸಿಂಗ್ ಮಾಡಿ ಕಳಿಸ್ತಿದ್ದರು. ಇನ್ನೊಂದು ಕಡೆ ನಿಲ್ಲಿಸಿ ಸ್ಕ್ಯಾನ್ ಮಾಡಿದಾಗ ಗೊತ್ತಾಯ್ತು: ತೊಡೆಯಿಂದ ಹರಡಿನವರೆಗಿನ ದೊಡ್ಡ ನಾಳದ ಕವಾಟಗಳು ಕೆಲಸ ಬಿಟ್ಟು ಎಷ್ಟೋ ವರ್ಷ ಆಗಿತ್ತು.

ಹೆಂಗಸರಿಗೆ ಬರುತ್ತೆ ಅನ್ನೋ ಮಾತು ಹೆಂಗಸರಿಗೆ ಎಷ್ಟು ಕಿರಿಕಿರಿಯೋ ಗೊತ್ತಿಲ್ಲ, ನನಗಂತೂ ಅದು ಒಂದು ಕಾಲನ್ನು ಅರ್ಧ ತಿಂದಿತು.

ಸ್ಕ್ಯಾನ್‌ರೂಮ್:
ನೀವು ಹೇಳಿದ ಬೀಸಣಿಗೆಗೆ ಕೊರೋನಾ ಫ್ಲೆಬೆಕ್ಟಾಟಿಕಾ ಅಂತ ಹೆಸರು. ವೈರಸ್ಸಿಗೂ ಇದಕ್ಕೂ ಸಂಬಂಧವಿಲ್ಲ, ಕಿರೀಟದ ಆಕಾರ ಅಂತ ಅರ್ಥ. ತೊಡೆಯ ಹೊರಮಗ್ಗುಲಲ್ಲಿ ನಾಲ್ಕು ಗೆರೆ ಇದ್ದರೆ ನಾನು ತಲೆ ಕೆಡಿಸಿಕೊಳ್ಳೋಲ್ಲ. ಹರಡಿನ ಒಳಮಗ್ಗುಲಲ್ಲಿ ಈ ಬೀಸಣಿಗೆ ಕಂಡರೆ ಕುರ್ಚಿ ಎಳೆದುಕೊಂಡು ಕೂತು ನೋಡ್ತೀನಿ. ಅಲ್ಲಿ ಒತ್ತಡ ಕೂತಿದೆ ಅನ್ನೋ ಸೂಚನೆ ಅದು.

ಏಳನೇತಿಂಗಳು:
ಓದ್ತಾ ಓದ್ತಾ ಗಾಬರಿ ಆಗ್ತಿದೆ. ಚೊಚ್ಚಲ ಬಸಿರು, ಎರಡೂ ಕಾಲಲ್ಲಿ ಗೆರೆ ಬಂದಿವೆ. ಹೋಗುತ್ತಾ? ಈಗಲೇ ಏನಾದ್ರೂ ಮಾಡಿಸಬೇಕಾ?

ಮೂರುಮಕ್ಕಳತಾಯಿ:
ಗಾಬರಿ ಬೇಡ ಕಣಮ್ಮ. ನನಗೆ ಮೊದಲ ಬಸಿರಲ್ಲಿ ಬಂದದ್ದು ಹೆರಿಗೆಯಾಗಿ ಐದಾರು ತಿಂಗಳಿಗೆ ಮುಕ್ಕಾಲು ಪಾಲು ಮಾಸಿತು. ಎರಡನೆಯದರಲ್ಲಿ ಅರ್ಧ ಮಾಸಿತು. ಮೂರನೆಯದರಲ್ಲಿ ಬಂದವು ಮನೆಯಾಳಾಗಿ ಉಳಿದುಕೊಂಡಿವೆ. ನಿನ್ನದು ಮೊದಲನೆಯದು ತಾನೇ?

ಸ್ಕ್ಯಾನ್‌ರೂಮ್:
ಅವರು ಹೇಳಿದ್ದು ಸರಿ. ಹೆರಿಗೆಯಾದ ಮೂರು ತಿಂಗಳಿಂದ ಒಂದು ವರ್ಷದೊಳಗೆ ಬಹಳಷ್ಟು ತಾವಾಗೇ ತಿಳಿಯಾಗ್ತವೆ, ಪ್ರತಿ ಬಸಿರಿಗೂ ಉಳಿಯೋ ಪಾಲು ಹೆಚ್ಚುತ್ತೆ. ಬಸಿರಲ್ಲಿ ಇಂಜೆಕ್ಷನ್, ಲೇಸರ್ ಯಾವುದನ್ನೂ ಮಾಡೋಲ್ಲ. ನಡೀರಿ, ಕೂತಾಗ ಪಾದ ಮೇಲೆ-ಕೆಳಗೆ ಆಡಿಸಿ, ಎಡಮಗ್ಗುಲಾಗಿ ಮಲಗಿ. ಹೊಟ್ಟೆಯ ದೊಡ್ಡ ಅಭಿಧಮನಿ ಬೆನ್ನುಮೂಳೆಯ ಬಲಕ್ಕಿದೆ, ಎಡಕ್ಕೆ ಮಲಗಿದರೆ ಅದರ ಮೇಲಿನ ಭಾರ ಇಳಿಯುತ್ತೆ. ಕಾಲನ್ನು ಒತ್ತಿ ಹಿಡಿಯೋ ಬಿಗಿ ಕಾಲುಚೀಲ ಬೇಕಾ, ಎಷ್ಟು ಬಿಗಿಯದು ಅನ್ನೋದನ್ನು ನಿಮ್ಮನ್ನು ನೋಡುವ ಡಾಕ್ಟರನ್ನೇ ಕೇಳಿ.

ಒಂದನ್ನು ಮಾತ್ರ ನೆನಪಿಡಿ, ಇದು ತಮಾಷೆಯಲ್ಲ. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯ್ತಿದ್ದರೆ ಗೆರೆಗಳ ಬಗ್ಗೆ ಯೋಚಿಸ್ತಾ ಕೂರಬೇಡಿ, ಅವತ್ತೇ ಹೋಗಿ ತೋರಿಸಿ. ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಬಸಿರಲ್ಲೂ ಬಾಣಂತನದಲ್ಲೂ ಅದರ ಸಾಧ್ಯತೆ ಹೆಚ್ಚು. ಜೊತೆಗೆ ಉಸಿರು ಕಟ್ಟಿದರೆ ತುರ್ತುಚಿಕಿತ್ಸೆಗೇ ಓಡಬೇಕು.

ನೀಲಿಗೆರೆ:
ಹಾಗಾದ್ರೆ ಮಾತ್ರೆ? ನಾನು ಐದು ವರ್ಷ ತಗೊಂಡಿದ್ದೆ.

ಸ್ಕ್ಯಾನ್‌ರೂಮ್:
ಈಸ್ಟ್ರೋಜನ್ ಇರುವ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತೆ, ಅದರಲ್ಲಿ ಅನುಮಾನವಿಲ್ಲ. ಸ್ಪೈಡರ್ ವೇನ್ ವಿಷಯದಲ್ಲಿ ಮಾತ್ರ ಅಧ್ಯಯನಗಳು ಒಂದೇ ಮಾತಾಡೋಲ್ಲ. ನಿಮ್ಮ ಗೆರೆಗೆ ಮಾತ್ರೆಯೇ ಕಾರಣ ಅಂತ ಬೆರಳು ಮಾಡೋಕೆ ಯಾರಿಗೂ ಆಗೋಲ್ಲ. ಎರಡು ಬಸಿರು ಮತ್ತು ಅಮ್ಮ-ಚಿಕ್ಕಮ್ಮನ ಕಾಲು, ಇವೆರಡೇ ಸಾಕು ಕಾರಣಕ್ಕೆ.

ಎರಡನೇಓದು:
ವಂಶದ ಮಾತು ಬಂತಲ್ಲ. 1994ರ ಒಂದು ಫ್ರೆಂಚ್ ಅಧ್ಯಯನದ ಲೆಕ್ಕ ಎಲ್ಲರೂ ಹೇಳ್ತಿರ್ತಾರೆ. ಅದು ವೆರಿಕೋಸ್ ವೇನ್ ಬಗ್ಗೆ, ಸ್ಪೈಡರ್ ಬಗ್ಗೆ ಅಲ್ಲ. ತಂದೆ-ತಾಯಿ ಇಬ್ಬರಿಗೂ ಇದ್ದರೆ ಮಕ್ಕಳಿಗೆ ಬರುವ ಸಂಭವ 90%, ಇಬ್ಬರಿಗೂ ಇಲ್ಲದಿದ್ದರೆ 20%. ಒಬ್ಬರಿಗೆ ಮಾತ್ರ ಇದ್ದರೆ ಮಗಳಿಗೆ 62%, ಮಗನಿಗೆ 25%. ಸಣ್ಣ ಗುಂಪಿನ ಅಧ್ಯಯನ, ಅಂಕಿಗಳನ್ನು ಕಲ್ಲಿನ ಮೇಲೆ ಕೆತ್ತಬೇಡಿ. ಆದರೂ ಅದೇ ತಂದೆ-ತಾಯಿ, ಅದೇ ಮನೆ, ಮಗಳಿಗೆ ಮಗನ ಎರಡೂವರೆ ಪಟ್ಟು! ನೀಲಿಗೆರೆ ಅವರ ಅಣ್ಣ-ತಂಗಿ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಅಂಕಿ ನನಗೆ ಸಿಕ್ಕಿಲ್ಲ. ಹೆಂಗಸರಿಗೆ ಜಾಸ್ತಿ ಅನ್ನೋದನ್ನೇ ಅನುಮಾನಿಸಿದ್ದ ನನ್ನ ಮೊದಲ ಮಾತನ್ನು ಸ್ವಲ್ಪ ನುಂಗಿಕೊಳ್ತೀನಿ.

ಸೂಜಿಭಯ:
ಯಾರೂ ಚಿಕಿತ್ಸೆ ಬಗ್ಗೆ ಬರೆದಿಲ್ಲ, ನಾನು ಬರೀತೀನಿ. ಹೆಸರೇ ಹೇಳೋ ಹಾಗೆ ನನಗೆ ಸೂಜಿ ಕಂಡರೆ ಬೆವರು.

ಸ್ಕ್ಲೆರೋಥೆರಪಿ ಮಾಡಿಸಿದೆ. ಪೊಲಿಡೊಕನಾಲ್ ಅನ್ನೋ ದ್ರವವನ್ನು ಕೂದಲಿನಂಥ ಸೂಜಿಯಲ್ಲಿ ಗೆರೆಯೊಳಕ್ಕೆ ಬಿಡ್ತಾರೆ. ಅದು ನಾಳದ ಒಳಗೋಡೆಯನ್ನು ಕೆರಳಿಸುತ್ತೆ, ಗೋಡೆಗಳು ಅಂಟಿಕೊಳ್ತವೆ, ಮೈ ಅದನ್ನು ನಿಧಾನಕ್ಕೆ ಕರಗಿಸಿಕೊಳ್ಳುತ್ತೆ. ಮಜಾ ಏನಂದ್ರೆ ಆ ದ್ರವವನ್ನು ಮೊದಲು ತಯಾರಿಸಿದ್ದು ಮರಗಟ್ಟಿಸುವ ಔಷಧಿಯಾಗಿ. ಅದಕ್ಕೇ ಏನೋ, ನೋವು ಸೊಳ್ಳೆ ಕಚ್ಚಿದಷ್ಟೇ. ಒಂದು ಸಲಕ್ಕೆ ಮುಗಿಯೋಲ್ಲ, ನನಗೆ ತಿಂಗಳಿಗೊಂದರಂತೆ ಮೂರು ಸಲ ಆಯ್ತು.

ಈಗ ಯಾರೂ ಮುಂಚೆ ಹೇಳದ ವಿಷಯ. ಎರಡನೇ ಸಲ ಆದ ಮೇಲೆ ಸೂಜಿ ಚುಚ್ಚಿದ ಜಾಗದ ಸುತ್ತ ಮುಂಚೆ ಇಲ್ಲದ ಹೊಸ ಕೆಂಪು ಗೆರೆಗಳು ಮೂಡಿದವು, ಕೆಂಪು ಮಸಿ ಚೆಲ್ಲಿದ ಹಾಗೆ. ಅತ್ತುಬಿಟ್ಟೆ. ಮಾಡಿದವರು 'ಆಗುತ್ತೆ' ಅಂದರು ಅಷ್ಟೆ. ಮುಂಚೆಯೇ ಒಂದು ಮಾತು ಹೇಳಿದ್ದರೆ ಆ ಅಳು ಉಳೀತಿತ್ತು. ಒಂಬತ್ತು ತಿಂಗಳಿಗೆ ಮಾಸಿತು. ಒಂದು ಕಡೆ ಕಂದು ಕಲೆ ಇನ್ನೂ ಇದೆ.

ಸ್ಕ್ಯಾನ್‌ರೂಮ್:
ಅದಕ್ಕೆ ಮ್ಯಾಟಿಂಗ್ ಅಂತಾರೆ, ಹೆಚ್ಚಿನವು ಒಂದು ವರ್ಷದೊಳಗೆ ಹೋಗ್ತವೆ. ಈ ಚರ್ಚೆಯ ಪ್ರಶ್ನೆಗೂ ಅದಕ್ಕೂ ನಂಟಿದೆ ನೋಡಿ: ಮ್ಯಾಟಿಂಗ್ ಹೆಚ್ಚಾಗೋದು ಹೆಂಗಸರಲ್ಲೇ, ಅದರಲ್ಲೂ ಈಸ್ಟ್ರೋಜನ್ ತಗೊಳ್ತಿರೋರಲ್ಲಿ. ಕಂದು ಕಲೆ ಅಂದ್ರೆ ರಕ್ತದ ಕಬ್ಬಿಣ ಚರ್ಮದಲ್ಲಿ ಉಳಿದದ್ದು, ಅದು ಇನ್ನೂ ನಿಧಾನ.

ಮತ್ತೆ, ಸಣ್ಣ ಗೆರೆಗೆ ರಕ್ತ ಉಣಿಸ್ತಿರೋ ನೀಲಿ ರೆಟಿಕ್ಯುಲರ್ ನಾಳ ಪಕ್ಕದಲ್ಲೇ ಇದ್ದರೆ ಮೊದಲು ಅದನ್ನು ಮುಚ್ಚಬೇಕು. ಇಲ್ಲದಿದ್ದರೆ ಬೇರು ಬಿಟ್ಟು ಗರಿಕೆ ಕಿತ್ತ ಹಾಗೆ. ಎಲ್ಲ ಗೆರೆ ತೆಗೆಸಿದ ಮೇಲೂ ಹೊಸವು ಬರಬಹುದು, ಒಲವು ಇರೋ ಮೈ ಅದೇ ತಾನೇ. ಲೇಸರ್ ಕಾಲಿಗಿಂತ ಮುಖಕ್ಕೆ ಚೆನ್ನಾಗಿ ಒಗ್ಗುತ್ತೆ. ಹಚ್ಚುವ ಕ್ರೀಮಿನಿಂದ ಅಗಲವಾದ ನಾಳ ಮುಚ್ಚಿದ್ದನ್ನು ನಾನಂತೂ ನೋಡಿಲ್ಲ.

ಪದಪ್ರಿಯ:
ಮುಖ ಅಂದಿರಲ್ಲ. ಎದೆ, ಕತ್ತಿನ ಮೇಲೆ ನಡುವೆ ಕೆಂಪು ಚುಕ್ಕಿ, ಸುತ್ತ ಕಾಲುಗಳು, ಅಪ್ಪಟ ಜೇಡದ ಹಾಗೇ ಇರುತ್ತಲ್ಲ, ಅದೂ ಇದೇನಾ?

ಸ್ಕ್ಯಾನ್‌ರೂಮ್:
ಅಲ್ಲ. ಅದು ಸ್ಪೈಡರ್ ನೀವಸ್. ನಡುವಿನ ಚುಕ್ಕಿ ಸಣ್ಣ ಅಪಧಮನಿ, ಹೃದಯದಿಂದ ರಕ್ತ ತರೋ ನಾಳ. ಅದನ್ನು ಒತ್ತಿದರೆ ಇಡೀ ಜೇಡ ಮಾಯ, ಬಿಟ್ಟರೆ ನಡುವಿನಿಂದ ಹೊರಕ್ಕೆ ತುಂಬಿಕೊಳ್ಳುತ್ತೆ. ಬಸಿರಲ್ಲಿ ಬರುತ್ತೆ, ಹೋಗುತ್ತೆ. ಲಿವರ್ ಕೆಟ್ಟ ಗಂಡಸರಲ್ಲೂ ಬರುತ್ತೆ, ಯಾಕಂದ್ರೆ ಗಂಡಸರ ಮೈಯಲ್ಲೂ ಇರುವ ಚೂರು ಈಸ್ಟ್ರೋಜನ್ನನ್ನು ಕೆಟ್ಟ ಲಿವರ್ ಸರಿಯಾಗಿ ವಿಲೇವಾರಿ ಮಾಡೋಲ್ಲ. ಈಸ್ಟ್ರೋಜನ್‌ಗೂ ಸಣ್ಣ ನಾಳಗಳಿಗೂ ಇರುವ ನಂಟಿಗೆ ಗಂಡಸಿನ ಮೈಯಲ್ಲೇ ಸಿಗೋ ಪುರಾವೆ ಇದು. ಇದ್ದಕ್ಕಿದ್ದಂತೆ ಹಲವು ಮೂಡಿದರೆ ತೋರಿಸಬೇಕು.

ನೀಲಿಗೆರೆ (ಎರಡು ವಾರದ ನಂತರ):
ವರದಿ ಒಪ್ಪಿಸ್ತಿದ್ದೀನಿ. ತೋರಿಸಿದೆ. ಸಿ1, ದೊಡ್ಡ ನಾಳಗಳು ಸರಿಯಿವೆ. ತೆಗೆಸಲೇಬೇಕಂತಿಲ್ಲ, ಬೇಕಾದರೆ ತೆಗೆಸಬಹುದು ಅಂದರು. ಸದ್ಯಕ್ಕೆ ಬೇಡ ಅಂದೆ. ಗಂಟೆಗೊಮ್ಮೆ ಎದ್ದು ಓಡಾಡ್ತಿದ್ದೀನಿ, ಸಂಜೆಯ ಭಾರ ನಿಜವಾಗಲೂ ಕಮ್ಮಿಯಾಗಿದೆ.

ಅಸಲಿ ಸುದ್ದಿ ಬೇರೆ. ಈ ಚರ್ಚೆಯನ್ನು ಅಣ್ಣನಿಗೆ ಕಳಿಸಿದ್ದೆ. ನಕ್ಕ. ಭಾನುವಾರ ಬಂದಾಗ ಸಾಕ್ಸ್ ತೆಗೆಸಿ ಟಾರ್ಚ್ ಹಾಕಿ ನೋಡಿದೆ. ಎಡಗಾಲಿನ ಒಳಹರಡಿನ ಕೆಳಗೆ, ಹಳೇಕಾಲು ಅವರು ಹೇಳಿದ ಹಾಗೇ, ಬೀಸಣಿಗೆ. ಅದರ ಮೇಲೆ ಕಂದು ಮಚ್ಚೆಯಷ್ಟು ಬಣ್ಣ. ಅದು ಬೂಟು ತಿಕ್ಕಿದ ಕಲೆ ಅಂತ ಅವನ ವಾದ. ನಾಲ್ಕು ವರ್ಷದಿಂದ ಇದೆಯಂತೆ. ಬೈದು ಸ್ಕ್ಯಾನಿಗೆ ಸಮಯ ತಗೊಂಡಿದ್ದೀನಿ, ಗುರುವಾರ.

ಹಳೇಕಾಲು:
ಗುರುವಾರ ಕೆಲಸ ಇದೆ ಅಂತಾನೆ, ಮುಂದಿನ ವಾರ ಅಂತಾನೆ. ಬಿಡಬೇಡಿ ತಾಯಿ.

ಸ್ಕ್ಯಾನ್‌ರೂಮ್:
ಸ್ಕ್ಯಾನ್ ನಿಂತುಕೊಂಡೇ ಆಗಬೇಕು ಅಂತ ಹೇಳಿ ಕಳಿಸಿ. ಮಲಗಿಸಿ ಮಾಡಿದರೆ ರಕ್ತ ಕೆಳಗೆ ಜಾರೋದು ಸರಿಯಾಗಿ ಕಾಣೋಲ್ಲ, 'ಎಲ್ಲ ಸರಿಯಿದೆ' ಅಂತ ರಿಪೋರ್ಟ್ ಹಿಡಿದುಕೊಂಡು ಬಂದು ನಿಮ್ಮ ಮುಂದೆ ಬೀಗ್ತಾನೆ. ಮೀನಖಂಡ ಹಿಂಡಿ ಬಿಟ್ಟಾಗ ಮೇಲ್ಪದರದ ನಾಳದಲ್ಲಿ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹರಿದರೆ ಕವಾಟ ಸೋರ್ತಿದೆ ಅಂತ ಲೆಕ್ಕ. ರಿಪೋರ್ಟ್ ಬಂದ ಮೇಲೆ ಹೇಳಿ.

ನೀಲಿಗೆರೆ:
ಹೇಳ್ತೀನಿ ಅಕ್ಕ. ಕರೆದುಕೊಂಡು ನಾನೇ ಹೋಗ್ತೀನಿ, ಒಬ್ಬನನ್ನೇ ಕಳಿಸಿದರೆ ಬಾಗಿಲವರೆಗೆ ಹೋಗಿ ವಾಪಸ್ ಬರೋ ಜಾತಿ.